ಐದು ಡಿವಿಡಿ, ಒಂದೂ ಇನ್‌ಸ್ಟಾಲ್ ಆಗಲಿಲ್ಲ: ಕೆಟ್ಟ ಐಎಸ್‌ಒ ಮತ್ತು ಓದದ ಡಿಸ್ಕ್ ಹಿಡಿಯುವುದು ಹೇಗೆ

ಜುಲೈ ತಿಂಗಳು. ಮೂಡಿಗೆರೆ ಕಡೆ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಅಂಥ ಒಂದು ಸಂಜೆ ಪಕ್ಕದ ತೋಟದ ಅಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಐದು ಡಿವಿಡಿ ಸುತ್ತಿಕೊಂಡು ಮನೆಗೆ ಬಂದರು. "ಮಾರಾಯ, ಇದರಲ್ಲಿ ಒಂದೂ ಕೆಲಸ ಮಾಡೋದಿಲ್ಲ, ನೋಡು" ಎಂದು ಟೇಬಲ್ ಮೇಲೆ ಹರಡಿದರು.

ವಿಷಯ ಇಷ್ಟೇ. ತೋಟದ ಲೆಕ್ಕ, ಆಳುಗಳ ಬಟವಾಡೆ, ಎಲ್ಲ ಇರುವುದು ಅವರ ಹಳೇ ಡೆಸ್ಕ್‌ಟಾಪಿನಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಕೊನೆ ಎಂದು ಗೊತ್ತಾಯಿತು, ವಿಂಡೋಸ್ 11 ಹಾಕೋಣ ಎಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆ ಮೆಷಿನ್ನಿನಲ್ಲಿ ಇಲ್ಲ, ಹಾಗಾಗಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಲು ಹೊರಟಿದ್ದರು. ಪೆನ್‌ಡ್ರೈವ್‌ನಿಂದ ಆ ಮೆಷಿನ್ ಬೂಟ್ ಆಗುವುದಿಲ್ಲ, ಅಂದರೆ ಶುರುವಾಗುವುದಿಲ್ಲ. ಅದಕ್ಕೇ ಡಿವಿಡಿ.

ಅಣ್ಣ ಮಾಡಿದ ತಪ್ಪು ನಾನೂ ಹಿಂದೆ ಬೇಕಾದಷ್ಟು ಸಲ ಮಾಡಿದ್ದೇನೆ. ಡಿಸ್ಕ್ ಕೆಲಸ ಮಾಡಲಿಲ್ಲವಾ, ಇನ್ನೊಂದು ಬರ್ನ್ ಮಾಡು. ಅದೂ ಆಗಲಿಲ್ಲವಾ, ಮತ್ತೊಂದು. ಕೆಟ್ಟದ್ದು ಎಲ್ಲಿ ಎಂದು ಯಾರೂ ನೋಡುವುದಿಲ್ಲ. ಐಎಸ್‌ಒ ಎಂದರೆ ಇಡೀ ಇನ್‌ಸ್ಟಾಲ್ ಡಿಸ್ಕಿನ ಪಡಿಯಚ್ಚು, ಒಂದೇ ಫೈಲಿನಲ್ಲಿ. ಆ ಫೈಲು ಸರ್ವರ್ ಬಿಟ್ಟು ಹೊರಟರೆ ನಿಮ್ಮ ನೆಟ್ ದಾಟಬೇಕು, ಹಾರ್ಡ್‌ಡಿಸ್ಕಿನಲ್ಲಿ ಕೂರಬೇಕು, ಬರ್ನರ್ ಅದನ್ನು ಡಿಸ್ಕಿಗೆ ಬರೆಯಬೇಕು, ಇನ್ನೊಂದು ಮೆಷಿನ್ನಿನ ಡ್ರೈವ್ ಅದನ್ನು ಓದಬೇಕು, ಆ ಮೆಷಿನ್ನಿನ ರ‍್ಯಾಮ್ ಅದನ್ನು ಹಿಡಿದಿಡಬೇಕು, ಕೊನೆಗೆ ಅಲ್ಲಿನ ಹಾರ್ಡ್‌ಡಿಸ್ಕಿಗೆ ಇಳಿಯಬೇಕು. ಯಾವ ಜಾಗದಲ್ಲಿ ಬೇಕಾದರೂ ಕೆಡಬಹುದು. ಆದ್ದರಿಂದ ಹಿಂದಿನ ಹಂತ ಸರಿ ಇದೆ ಎಂದು ಖಚಿತ ಆಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಈ ಬರಹ ಪೂರ್ತಿ ಇರುವುದು ಇದೊಂದೇ ಮಾತಿನ ಮೇಲೆ.

ಶುರು ಮಾಡುವ ಮುಂಚೆ ಇನ್ನೊಂದು. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಹಳೆಯದೂ ಹೋಗಿರುತ್ತದೆ, ಹೊಸದೂ ಬಂದಿರುವುದಿಲ್ಲ. ಲೆಕ್ಕದ ಫೈಲು, ಫೋಟೋ ಎಲ್ಲ ಬೇರೆ ಕಡೆ ಎತ್ತಿಡಿ. ಎತ್ತಿಟ್ಟದ್ದು ಬೇರೆ ಮೆಷಿನ್ನಿನಲ್ಲಿ ತೆರೆಯುತ್ತದಾ ಎಂದೂ ನೋಡಿ.

ಮೊದಲ ಕೆಲಸ: ಸೈಜ್ ನೋಡಿ

ಮೊದಲನೇ ಡಿಸ್ಕ್ ನನ್ನ ಲ್ಯಾಪ್‌ಟಾಪಿನಲ್ಲಿ ಬೂಟ್ ಆಗುತ್ತಿತ್ತು. ಮಿಂಟ್ ಲೋಗೋ ಬಂದು, ಆಮೇಲೆ ಕಪ್ಪು ಪರದೆಯಲ್ಲಿ ಸ್ಕ್ವಾಷ್‌ಎಫ್‌ಎಸ್ ಎರರ್ ಎಂದು ಸಾಲು ಸಾಲು. ಸ್ಕ್ವಾಷ್‌ಎಫ್‌ಎಸ್ ಎಂದರೆ ಇಡೀ ಸಿಸ್ಟಂ ಅನ್ನು ಒತ್ತಿ ಸಣ್ಣದು ಮಾಡಿ ಇಟ್ಟ ಒಂದು ದೊಡ್ಡ ಫೈಲು. ಅದರ ಒಳಗಿನದು ಓದಲು ಸಿಗುತ್ತಿಲ್ಲ ಎಂದು ಮೆಷಿನ್ ಬೊಬ್ಬೆ ಹೊಡೆಯುತ್ತಿದೆ, ಅಷ್ಟೇ.

ಅಣ್ಣನ ಹತ್ತಿರ ಮೂಲ ಫೈಲು ಪೆನ್‌ಡ್ರೈವಿನಲ್ಲಿ ಇತ್ತು. ನೋಡಿದರೆ 1.9 ಜಿಬಿ. ಮಿಂಟ್ 22ರ ಐಎಸ್‌ಒ ಎರಡೂವರೆ ಜಿಬಿಗಿಂತ ಜಾಸ್ತಿ ಇರಬೇಕು. ಡೌನ್‌ಲೋಡ್ ನಡೆಯುವಾಗ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಬಂದ ಮೇಲೆ ಅದು ತಾನಾಗಿ ಮುಗಿದಿರಬೇಕು ಎಂದುಕೊಂಡು, ಹೆಸರಿನ ಕೊನೆಗೆ ಬ್ರೌಸರ್ ಸೇರಿಸಿದ್ದ ಬಾಲವನ್ನು ಅಳಿಸಿ ಬರ್ನ್ ಮಾಡಿದ್ದಾರೆ! ಕ್ರೋಮಿನಲ್ಲಾದರೆ ಆ ಬಾಲ ಸಿಆರ್‌ಡೌನ್‌ಲೋಡ್, ಫೈರ್‌ಫಾಕ್ಸಿನಲ್ಲಾದರೆ ಪಾರ್ಟ್. ಅದು ಇದ್ದರೆ ಫೈಲು ಇನ್ನೂ ಪೂರ್ತಿ ಬಂದಿಲ್ಲ ಎಂದೇ ಅರ್ಥ. ಹೆಸರು ಬದಲಿಸಿದರೆ ಫೈಲು ಪೂರ್ತಿ ಆಗುವುದಿಲ್ಲ.

ಸೈಜ್ ನೋಡುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದು, ವೆಬ್‌ಸೈಟಿನಲ್ಲಿ 2.9 ಜಿಬಿ ಎಂದಿರುವುದು ವಿಂಡೋಸಿನಲ್ಲಿ 2.7 ಎಂದು ಕಾಣಬಹುದು. ಒಬ್ಬರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಇನ್ನೊಬ್ಬರು 1024ರ ಲೆಕ್ಕ. 4.7 ಜಿಬಿ ಡಿವಿಡಿ ವಿಂಡೋಸಿನಲ್ಲಿ 4.38 ಎಂದು ಕಾಣುವುದೂ ಇದಕ್ಕೇ. ಗಾಬರಿ ಬೇಡ, ಪ್ರಾಪರ್ಟೀಸಿಗೆ ಹೋಗಿ ಬೈಟುಗಳ ಪೂರ್ತಿ ಸಂಖ್ಯೆಯನ್ನು ಹೋಲಿಸಿ. ಇನ್ನೊಂದು, ಫೈಲು ಸರಿಯಾಗಿ 4 ಜಿಬಿ ಹತ್ತಿರ ಬಂದು ನಿಂತಿದ್ದರೆ ನೆಟ್ ಅನ್ನು ಬಯ್ಯಬೇಡಿ. ನೀವು ಅದನ್ನು ಉಳಿಸುತ್ತಿರುವ ಪೆನ್‌ಡ್ರೈವೋ ಮೆಮೊರಿ ಕಾರ್ಡೋ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನದ್ದು ಆಗಿರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಸುವುದಿಲ್ಲ. ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿ ಕಾರ್ಡಿಗೆ ಹಾಕುವವರಿಗೆ ಇದು ಆಗುತ್ತಲೇ ಇರುತ್ತದೆ.

ಎರಡನೇ ಕೆಲಸ: ಹ್ಯಾಷ್ ತಾಳೆ ನೋಡಿ

ಸೈಜ್ ಸರಿ ಇದ್ದರೆ ಫೈಲು ಸರಿ ಎಂದಲ್ಲ. ಕಾಫಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲ 50 ಕೆಜಿ ತೂಗಿತು ಎಂದು ವ್ಯಾಪಾರಿ ದುಡ್ಡು ಎಣಿಸುವುದಿಲ್ಲ, ಮಾಯಿಶ್ಚರ್ ಮೀಟರ್ ಹಾಕಿ ಒಳಗೆ ಏನಿದೆ ಎಂದು ನೋಡುತ್ತಾನೆ. ಸೈಜ್ ಎಂದರೆ ತೂಕ. ಹ್ಯಾಷ್ ಎಂದರೆ ಮೀಟರ್.

ಎಸ್‌ಎಚ್‌ಎ256 ಎನ್ನುವ ಲೆಕ್ಕ ಇಡೀ ಫೈಲನ್ನು ಓದಿ 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ, ಅದೇ ಹ್ಯಾಷ್. ಮೂರು ಜಿಬಿ ಫೈಲಿನಲ್ಲಿ ಒಂದೇ ಒಂದು ಬಿಟ್ ಆಚೀಚೆ ಆದರೂ ಆ ಸಾಲು ಗುರುತೇ ಸಿಗದ ಹಾಗೆ ಬದಲಾಗುತ್ತದೆ. ಮಿಂಟ್, ಅದರ ಹಾಗೇ ಲಿನಕ್ಸ್ ಆದ ಉಬುಂಟು, ಡೆಬಿಯನ್ ಎಲ್ಲರೂ ತಮ್ಮ ಡೌನ್‌ಲೋಡ್ ಪುಟದಲ್ಲೇ ಸರಿಯಾದ ಸಾಲನ್ನು ಕೊಟ್ಟಿರುತ್ತಾರೆ. ವಿಂಡೋಸ್ 11ರ ಐಎಸ್‌ಒ ಇಳಿಸುವ ಪುಟದಲ್ಲೂ ಅದು ಇದೆ, ಯಾರೂ ಕೆಳಗೆ ಹೋಗಿ ನೋಡುವುದಿಲ್ಲ ಅಷ್ಟೇ.

ವಿಂಡೋಸಿನಲ್ಲಿ ಮಾಡುವುದು ಹೀಗೆ. ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲಿ. ಐಎಸ್‌ಒ ಇರುವ ಫೋಲ್ಡರ್ ತೆರೆಯಿರಿ. ಮೇಲೆ ವಿಳಾಸ ಕಾಣುವ ಪಟ್ಟಿಯಲ್ಲಿ ಕ್ಲಿಕ್ ಮಾಡಿ ಸಿ, ಎಂ, ಡಿ ಎಂದು ಬರೆದು ಎಂಟರ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಸರ್ಟ್‌ಯುಟಿಲ್, ಜಾಗ ಬಿಟ್ಟು ಹೈಫನ್ ಸೇರಿಸಿ ಹ್ಯಾಷ್‌ಫೈಲ್, ಜಾಗ ಬಿಟ್ಟು ಫೈಲಿನ ಹೆಸರು, ಮತ್ತೆ ಜಾಗ ಬಿಟ್ಟು ಎಸ್‌ಎಚ್‌ಎ256. ಫೈಲಿನ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ. ಇದೆಲ್ಲ ತಲೆನೋವು ಅನಿಸಿದರೆ ಸೆವೆನ್‌ಜಿಪ್ ಹಾಕಿಕೊಳ್ಳಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಆರ್‌ಸಿ ಎಸ್‌ಎಚ್‌ಎ ಎಂಬ ಮೆನು ಸಿಗುತ್ತದೆ, ಅದರಲ್ಲೇ ಆಗುತ್ತದೆ. ಲಿನಕ್ಸಿನಲ್ಲಾದರೆ ಟರ್ಮಿನಲ್ಲಿನಲ್ಲಿ ಎಸ್‌ಎಚ್‌ಎ256ಸಮ್, ಜಾಗ, ಫೈಲಿನ ಹೆಸರು. ಮುಗಿಯಿತು.

ಬಂದ ಸಾಲನ್ನು ಕಣ್ಣಲ್ಲಿ ಹೋಲಿಸಬೇಡಿ. ಮೊದಲ ಆರು, ಕೊನೆಯ ಆರು ಅಕ್ಷರ ನೋಡಿದರೂ ಕೆಟ್ಟ ಡೌನ್‌ಲೋಡ್ ಹಿಡಿಯಲು ಸಾಕು, ಆದರೆ ಸಾಲನ್ನು ನಕಲು ಮಾಡಿ ವೆಬ್ ಪುಟದಲ್ಲಿ ಹುಡುಕು ಎಂದು ಕೊಟ್ಟರೆ ಪೂರ್ತಿ ತಾಳೆಯಾಗುತ್ತದೆ. ಸುಮ್ನೆ ಕಣ್ಣು ಯಾಕೆ ಹಾಳುಮಾಡಿಕೊಳ್ಳುವುದು?

ಈಗ ಒಂದು ಉಪಾಯ ಹೇಳುತ್ತೇನೆ. ಹ್ಯಾಷ್ ತಪ್ಪಾಗಿ ಬಂದರೆ ಅದೇ ಫೈಲಿನ ಮೇಲೆ ಇನ್ನೊಮ್ಮೆ ಲೆಕ್ಕ ಹಾಕಿಸಿ. ಎರಡೂ ಸಲ ಅದೇ ತಪ್ಪು ಸಾಲು ಬಂದರೆ ಸಾಮಾನ್ಯವಾಗಿ ಫೈಲೇ ಕೆಟ್ಟಿದೆ. ಒಂದೊಂದು ಸಲ ಒಂದೊಂದು ಸಾಲು ಬಂದರೆ ಕೆಟ್ಟಿರುವುದು ನಿಮ್ಮ ಮೆಷಿನ್. ರ‍್ಯಾಮ್ ಇರಬಹುದು, ಡಿಸ್ಕಿನ ಕೇಬಲ್ ಇರಬಹುದು, ಪೆನ್‌ಡ್ರೈವ್ ಇರಬಹುದು. ಆಗ ಹತ್ತು ಸಲ ಡೌನ್‌ಲೋಡ್ ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ.

ಫೈಲು ಕೆಟ್ಟಿದೆ ಎಂದಾದರೆ ಪೂರ್ತಿ ಮತ್ತೆ ಇಳಿಸಬೇಕಾ?

ಬೇಡ. ನಮ್ಮ ಕಡೆ ನೆಟ್ ಎಂಥದ್ದು ಎಂದು ಗೊತ್ತಲ್ವಾ. ಎರಡು ಎಂಬಿಪಿಎಸ್ ಸಿಕ್ಕರೆ 2.9 ಜಿಬಿಗೆ ಮೂರು ತಾಸಿಗೂ ಜಾಸ್ತಿ ಬೇಕು, ಅಷ್ಟರಲ್ಲಿ ಎರಡು ಸಲ ಕರೆಂಟ್ ಹೋಗಿರುತ್ತದೆ.

ಅರ್ಧಕ್ಕೆ ನಿಂತ ಫೈಲಾದರೆ ಬ್ರೌಸರಿನಲ್ಲಿ ರೆಸ್ಯೂಮ್ ಒತ್ತಿ. ಲಿನಕ್ಸಿನಲ್ಲಿ ಡಬ್ಲ್ಯುಗೆಟ್ ಆಜ್ಞೆಗೆ ಹೈಫನ್ ಸಿ ಸೇರಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಇವೆರಡೂ ಬಾರದೆ ಉಳಿದ ಕೊನೆಯ ಭಾಗ ಸೇರಿಸುತ್ತವೆಯೇ ಹೊರತು ನಡುವೆ ಕೆಟ್ಟದ್ದನ್ನು ಮುಟ್ಟುವುದಿಲ್ಲ.

ನಡುವೆ ಕೆಟ್ಟಿದ್ದರೆ ಟೊರೆಂಟ್ ಬಳಸಿ, ಅಂದರೆ ಫೈಲನ್ನು ಚೂರುಗಳಾಗಿ ಹಲವರಿಂದ ತರಿಸುವ ವಿಧಾನ. ಟೊರೆಂಟ್ ಎಂದ ತಕ್ಷಣ ಸಿನಿಮಾ ಕದಿಯುವುದು ಎಂದು ಮೂಗು ಮುರಿಯುವವರಿದ್ದಾರೆ, ಮಿಂಟ್‌ನವರೂ ಉಬುಂಟುನವರೂ ಅಧಿಕೃತವಾಗಿಯೇ ಟೊರೆಂಟ್ ಫೈಲು ಕೊಡುತ್ತಾರೆ. ಅದೇ ಆವೃತ್ತಿಯ ಟೊರೆಂಟ್ ಫೈಲನ್ನು ಇಳಿಸಿ ಕ್ಯೂಬಿಟ್‌ಟೊರೆಂಟ್ ಅಥವಾ ಟ್ರಾನ್ಸ್‌ಮಿಷನ್‌ನಲ್ಲಿ ತೆರೆಯಿರಿ. ಉಳಿಸುವ ಜಾಗ ಕೇಳಿದಾಗ ನಿಮ್ಮ ಕೆಟ್ಟ ಐಎಸ್‌ಒ ಇರುವ ಫೋಲ್ಡರನ್ನೇ ತೋರಿಸಿ, ಹೆಸರು ಒಂದು ಅಕ್ಷರವೂ ಬೇರೆ ಇರಬಾರದು. ಆಮೇಲೆ ಫೋರ್ಸ್ ರೀಚೆಕ್ ಕೊಡಿ. ಅದು ಫೈಲನ್ನು ಚೂರು ಚೂರಾಗಿ ತಾಳೆ ನೋಡಿ, ಕೆಟ್ಟ ಚೂರುಗಳನ್ನು ಮಾತ್ರ ಮತ್ತೆ ತರಿಸಿಕೊಳ್ಳುತ್ತದೆ. ಅಣ್ಣನ 1.9 ಜಿಬಿ ಫೈಲನ್ನು ನಾನು ಉಳಿಸಿಕೊಂಡದ್ದು ಹೀಗೆ. ಕೊರತೆ ಬಿದ್ದಷ್ಟು ಮಾತ್ರ ಇಳಿಯಿತು. ಕೊನೆಗೆ ಹ್ಯಾಷ್ ನೋಡಿದೆ, ತಾಳೆಯಾಯಿತು.

ಇಲ್ಲೊಂದು ಮಾತು. ಹ್ಯಾಷ್ ತಾಳೆಯಾದರೆ ಫೈಲು ಕೆಟ್ಟಿಲ್ಲ ಎಂದು ಗೊತ್ತಾಗುತ್ತದೆ, ಅದು ಅಸಲಿ ಎಂದು ಗೊತ್ತಾಗುವುದಿಲ್ಲ. 2016ರ ಫೆಬ್ರುವರಿ 20ರಂದು ಮಿಂಟ್ ವೆಬ್‌ಸೈಟಿಗೇ ಕನ್ನ ಹಾಕಿ, 17.3 ಸಿನಮನ್ ಆವೃತ್ತಿಯ ಲಿಂಕನ್ನು ಹಿಂಬಾಗಿಲು ಇಟ್ಟ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಸೈಟಿಗೇ ನುಗ್ಗಿದವನು ಅಲ್ಲಿ ಬರೆದ ಹ್ಯಾಷನ್ನೂ ಬದಲಿಸಬಹುದು ಅಲ್ವಾ? ಅದಕ್ಕೇ ಹ್ಯಾಷ್ ಪಟ್ಟಿಯ ಜೊತೆಗೆ ಜಿಪಿಜಿ ಸಹಿಯ ಫೈಲು ಇರುವುದು, ಪಟ್ಟಿ ಮಿಂಟ್‌ನವರೇ ಕೊಟ್ಟದ್ದು ಎಂದು ತೋರಿಸುವ ಡಿಜಿಟಲ್ ಸಹಿ ಅದು. ದುಡ್ಡಿನ ವ್ಯವಹಾರ ನಡೆಯುವ ಮೆಷಿನ್ನಾದರೆ ಅದನ್ನೂ ನೋಡಿ, ಹೇಗೆ ಎಂದು ಅವರದೇ ಪುಟದಲ್ಲಿ ಹಂತ ಹಂತವಾಗಿ ಇದೆ.

ಮೂರನೇ ಕೆಲಸ: ಸರಿಯಾಗಿ ಬರ್ನ್ ಮಾಡಿ

ಎರಡನೇ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ತೆರೆದೆ. ಒಳಗೆ ಒಂದೇ ಒಂದು ಐಎಸ್‌ಒ ಫೈಲು. ಉಪ್ಪಿನಕಾಯಿ ಜಾಡಿಯೊಳಗೆ ಉಪ್ಪಿನಕಾಯಿ ಹೇಗೆ ಮಾಡಬೇಕು ಎಂಬ ಚೀಟಿ ಹಾಕಿಟ್ಟ ಹಾಗೆ. ಐಎಸ್‌ಒ ಅನ್ನು ಡಿಸ್ಕಿಗೆ ಕಾಪಿ ಮಾಡುವುದಲ್ಲ, ಇಮೇಜ್ ಆಗಿ ಬರ್ನ್ ಮಾಡಬೇಕು. ಸರಿಯಾಗಿ ಬರ್ನ್ ಆದ ಮಿಂಟ್ ಡಿಸ್ಕ್ ತೆರೆದರೆ ಕ್ಯಾಸ್ಪರ್, ಬೂಟ್, ಇಎಫ್‌ಐ ಎಂಬ ಫೋಲ್ಡರುಗಳು ಕಾಣಬೇಕು.

ವಿಂಡೋಸಿನಲ್ಲಿ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ ಬರ್ನ್ ಡಿಸ್ಕ್ ಇಮೇಜ್ ಆರಿಸಿ. ಅಲ್ಲಿ ಬರ್ನ್ ಆದ ಮೇಲೆ ವೆರಿಫೈ ಮಾಡು ಎಂಬ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕದೆ ಮುಂದೆ ಹೋಗಬೇಡಿ. ಇದರಲ್ಲಿ ಸ್ಪೀಡ್ ಬದಲಿಸಲು ಬರುವುದಿಲ್ಲ, ಅದಕ್ಕೆ ಇಮ್ಗ್‌ಬರ್ನ್ ಎಂಬ ಪ್ರೋಗ್ರಾಂ ಬೇಕು. 2013ರ ನಂತರ ಅದರ ಹೊಸ ಆವೃತ್ತಿ ಬಂದಿಲ್ಲ, ಕೆಲಸಕ್ಕೆ ಮಾತ್ರ ಧಾರಾಳ ಸಾಕು. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬೇರೆ ಏನೇನೋ ತುರುಕಲು ನೋಡಿದರೆ ಬೇಡ ಎನ್ನಿ. ಲಿನಕ್ಸಿನಲ್ಲಿ ಕೆ3ಬಿ, ಬ್ರಸೇರೋ, ಎಕ್ಸ್‌ಎಫ್‌ಬರ್ನ್ ಇವೆ.

ಸ್ಪೀಡ್ 4ಎಕ್ಸ್ ಅಥವಾ 8ಎಕ್ಸ್ ಇಡಿ. ಡಿವಿಡಿಯಲ್ಲಿ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.4 ಎಂಬಿ, ಹಾಗಾಗಿ 4ಎಕ್ಸ್‌ನಲ್ಲಿ ಮಿಂಟ್ ಬರ್ನ್ ಆಗಲು ಹತ್ತು ನಿಮಿಷದ ಒಳಗೆ ಸಾಕು. ಒಂದು ಕಾಫಿ ಕುಡಿಯುವ ಹೊತ್ತು. ಆ ಹೊತ್ತಿನಲ್ಲಿ ಮೆಷಿನ್ನಿನಲ್ಲಿ ಬೇರೆ ಕೆಲಸ ಮಾಡಬೇಡಿ, ಮೇಜು ಅಲ್ಲಾಡಿಸಬೇಡಿ, ಯುಪಿಎಸ್ ಇಲ್ಲದಿದ್ದರೆ ಮಳೆ-ಗುಡುಗು ನೋಡಿಕೊಂಡು ಶುರು ಮಾಡಿ.

ಮೂರನೇ ಡಿಸ್ಕ್ ಪೇಟೆಯ ಒಂದು ಅಂಗಡಿಯಲ್ಲಿ ಬರ್ನ್ ಮಾಡಿಸಿದ್ದು, ಅದೂ 16ಎಕ್ಸ್‌ನಲ್ಲಿ. ಡಿಸ್ಕನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಮಬ್ಬು ಮಬ್ಬು. ನಮ್ಮ ಮಲೆನಾಡಿನ ತೇವದಲ್ಲಿ ಚಪ್ಪಲಿ, ಬೆಲ್ಟು, ಕ್ಯಾಮೆರಾ ಲೆನ್ಸು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ವರ್ಷಗಟ್ಟಲೆ ತೆರೆದಿಟ್ಟ ಖಾಲಿ ಡಿಸ್ಕು ಮಾತ್ರ ಚೆನ್ನಾಗಿರಬೇಕು ಎಂದರೆ ಹೇಗೆ? ಸೀಲ್ ಒಡೆಯದ ಡಿಸ್ಕ್ ತಗೊಳ್ಳಿ, ಉಳಿದವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ನಾಲ್ಕನೇ ಕೆಲಸ: ಡಿಸ್ಕನ್ನೇ ತಾಳೆ ನೋಡಿ

ನಾಲ್ಕನೇ ಡಿಸ್ಕ್ ಹಾಸನದಲ್ಲಿ ಓದುವ ಅವರ ತಮ್ಮನ ಮಗ ಮಾಡಿ ಕಳಿಸಿದ್ದು. ಹುಡುಗ ನೀಟಾಗಿ ಮಾಡಿದ್ದ. ಆದರೂ ಇನ್‌ಸ್ಟಾಲ್ ಆಗಿರಲಿಲ್ಲ.

ಲಿನಕ್ಸ್ ಇರುವವರಿಗೆ ಒಂದು ಸುಲಭ ಪರೀಕ್ಷೆ. ಟರ್ಮಿನಲ್ಲಿನಲ್ಲಿ ಸಿಎಂಪಿ ಎಂಬ ಆಜ್ಞೆ, ಜಾಗ ಬಿಟ್ಟು ಐಎಸ್‌ಒ ಹೆಸರು, ಜಾಗ ಬಿಟ್ಟು ಸ್ಲ್ಯಾಷ್ ಡೆವ್ ಸ್ಲ್ಯಾಷ್ ಎಸ್‌ಆರ್0. ಅದು ಫೈಲನ್ನೂ ಡಿಸ್ಕನ್ನೂ ಒಂದೊಂದೇ ಬೈಟ್ ಹೋಲಿಸುತ್ತದೆ. ಏನೂ ಹೇಳದೆ ಮುಗಿದರೆ ಎರಡೂ ಒಂದೇ. ಐಎಸ್‌ಒ ಫೈಲು ಮುಗಿಯಿತು, ಇಒಎಫ್, ಎಂದರೂ ಸರಿಯೇ, ಡಿಸ್ಕಿನ ಕೊನೆಯಲ್ಲಿ ಸ್ವಲ್ಪ ಖಾಲಿ ಜಾಗ ಇದೆ ಅಷ್ಟೇ. ಡಿಫರ್ ಎಂದು ಬಂದರೆ ಬರ್ನ್ ತಪ್ಪಾಗಿದೆ, ಇನ್‌ಪುಟ್ ಔಟ್‌ಪುಟ್ ಎರರ್ ಎಂದರೆ ಓದಲು ಆಗುತ್ತಿಲ್ಲ. ವಿಂಡೋಸಿನಲ್ಲಾದರೆ ಇಮ್ಗ್‌ಬರ್ನ್‌ನ ವೆರಿಫೈ ಇದೇ ಕೆಲಸ ಮಾಡುತ್ತದೆ. ಉಬುಂಟು 20.04ರಿಂದ ಈಚೆಗೆ ಡಿಸ್ಕ್ ಬೂಟ್ ಆಗುವಾಗಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ. ಹೊತ್ತಾಗುತ್ತದೆ ಎಂದು ಕಂಟ್ರೋಲ್ ಸಿ ಒತ್ತಿ ಅದನ್ನು ತಪ್ಪಿಸಬೇಡಿ.

ಹುಡುಗನ ಡಿಸ್ಕ್ ನನ್ನ ಲ್ಯಾಪ್‌ಟಾಪಿನಲ್ಲಿ ಶುದ್ಧವಾಗಿ ಪಾಸಾಯಿತು. ಅಂದರೆ ಫೈಲು ಸರಿ, ಬರ್ನ್ ಸರಿ, ಡಿಸ್ಕ್ ಸರಿ. ಇನ್ನು ಅಣ್ಣನ ಮೆಷಿನ್ನಿನ ಸರದಿ.

ಐದನೇ ಕೆಲಸ: ಡ್ರೈವ್

ಮಾರನೇ ದಿನ ಅವರ ಮನೆಗೆ ಹೋದೆ. ಡಿಸ್ಕ್ ಹಾಕಿದರೆ ಗರಗರ ತಿರುಗಿ ಹಳೇ ವಿಂಡೋಸೇ ಬರುತ್ತದೆ. ಮೊದಲು ಬೂಟ್ ಕ್ರಮ ನೋಡಬೇಕು. ಆನ್ ಮಾಡಿದ ಕೂಡಲೇ ಎಫ್12, ಎಫ್9, ಎಸ್ಕೇಪ್, ಇವುಗಳಲ್ಲಿ ಒಂದು ಬೂಟ್ ಮೆನು ತೋರಿಸುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ. ಡಿವಿಡಿಯನ್ನೇ ಆರಿಸಿದರೂ ಬರಲಿಲ್ಲ.

ಆಗ ಐದನೇ ಡಿಸ್ಕ್ ನೆನಪಾಯಿತು. ಅದು ಇನ್‌ಸ್ಟಾಲ್ ಡಿಸ್ಕೇ ಅಲ್ಲ, ಅಣ್ಣನ ಮಗಳ ಮದುವೆ ವಿಡಿಯೋ, ಗಡಿಬಿಡಿಯಲ್ಲಿ ಕವರಿಗೆ ಸೇರಿಕೊಂಡಿತ್ತು. ಅದನ್ನು ಹಾಕಿದೆ, ಓದಲಿಲ್ಲ. ಅಂಗಡಿಯಿಂದ ತಂದ ಹಳೇ ಸಿನಿಮಾ ಡಿವಿಡಿ ಹಾಕಿದೆ, ಲಕ್ಷಣವಾಗಿ ಓಡಿತು. ಸಿಕ್ಕಿಬಿತ್ತು! ಕಂಪನಿಯವರು ಅಚ್ಚು ಒತ್ತಿದ ಡಿಸ್ಕು ಲೇಸರ್ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ, ನಾವು ಬರ್ನ್ ಮಾಡಿದ್ದು ಬಣ್ಣದ ಪದರದ ಮೇಲೆ ಇರುವುದರಿಂದ ಕಡಿಮೆ. ಲೆನ್ಸ್ ಮಬ್ಬಾದ, ಲೇಸರ್ ಸೊರಗಿದ ಡ್ರೈವ್ ಮೊದಲು ಸೋಲುವುದು ಬರ್ನ್ ಮಾಡಿದ ಡಿಸ್ಕಿನ ಮುಂದೆಯೇ. ಮದುವೆ ವಿಡಿಯೋ ಹಾಳಾಗಿದೆ ಎಂದು ಎಷ್ಟೋ ದಿನದಿಂದ ಅತ್ತಿಗೆ ಬೇಜಾರು ಮಾಡಿಕೊಂಡಿದ್ದರಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಓಡಿತು, ಆ ದಿನ ನನಗೆ ಸಿಕ್ಕ ಅಕ್ಕಿ ರೊಟ್ಟಿಗೆ ಲೆಕ್ಕ ಇಲ್ಲ.

ಇಂಥ ಡ್ರೈವಿಗೆ ಲೆನ್ಸ್ ಒರೆಸುವ ಪ್ರಯತ್ನ ಒಮ್ಮೆ ಮಾಡಬಹುದು, ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬೇರೆ ಡೆಸ್ಕ್‌ಟಾಪಿನ ಸಾಟಾ ಡ್ರೈವ್ (ಒಳಗೆ ಕೇಬಲ್ಲಿಗೆ ಸಿಕ್ಕಿಸುವಂಥದ್ದು) ಬಿಚ್ಚಿ ಹಾಕಿ, ಇಲ್ಲವೇ ಯುಎಸ್‌ಬಿ ಡಿವಿಡಿ ಡ್ರೈವ್ ತನ್ನಿ. ಯುಎಸ್‌ಬಿಯದ್ದಾದರೆ ಹಳೇ ಬಯೋಸ್, ಅಂದರೆ ಮೆಷಿನ್ ಶುರು ಮಾಡುವ ಒಳಗಿನ ಪ್ರೋಗ್ರಾಂ, ಅದರಿಂದ ಬೂಟ್ ಮಾಡುತ್ತದಾ ಎಂದು ಮೊದಲು ನೋಡಿಕೊಳ್ಳಿ. ನಾನು ಮನೆಯಲ್ಲಿದ್ದ ಒಂದು ಸಾಟಾ ಡ್ರೈವ್ ಹಾಕಿದೆ. ಮಿಂಟ್ ಬಂತು.

ಆರನೇ ಕೆಲಸ: ರ‍್ಯಾಮ್, ಹಾರ್ಡ್‌ಡಿಸ್ಕ್

ಇನ್‌ಸ್ಟಾಲ್ ಶುರುವಾಗಿ ಅರ್ಧಕ್ಕೆ ನಿಂತಿತು. ಮತ್ತೆ ಮಾಡಿದರೆ ಕಾಲು ಭಾಗಕ್ಕೇ ನಿಂತಿತು. ಮೂರನೇ ಸಲ ಮುಗಿಯುವ ಹೊತ್ತಿಗೆ ಎರರ್‌ನೋ 5 ಎಂದಿತು. ಡಿಸ್ಕ್ ಅಥವಾ ಡ್ರೈವ್ ಕೆಟ್ಟಿರಬಹುದು, ಹಾರ್ಡ್‌ಡಿಸ್ಕ್ ಕೆಟ್ಟಿರಬಹುದು ಎಂದು ಅದು ಹೇಳುತ್ತದೆ, ಪೂರ್ತಿ ನಂಬಬೇಡಿ. ವಿಂಡೋಸಿನಲ್ಲಿ ಇದರ ಅಣ್ಣತಮ್ಮ 0x80070570, ಫೈಲು ಕೆಟ್ಟಿದೆ ಇಲ್ಲವೇ ಕಾಣೆಯಾಗಿದೆ ಎನ್ನುವ ಎರರ್.

ನನ್ನ ಅಂದಾಜಿನ ಲೆಕ್ಕ ಹೀಗೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಡಿಸ್ಕು ಅಥವಾ ಹಾರ್ಡ್‌ಡಿಸ್ಕಿನ ಆ ಜಾಗ ಕೆಟ್ಟಿರುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ರ‍್ಯಾಮ್ ಅಥವಾ ಬಿಸಿ.

ರ‍್ಯಾಮ್ ನೋಡಲು ಮೆಮ್‌ಟೆಸ್ಟ್86 ಪ್ಲಸ್. ಮಿಂಟ್ ಡಿಸ್ಕ್ ಶುರುವಾಗುವಾಗ ಬರುವ ಮೆನುವಿನಲ್ಲಿ ಮೆಮೊರಿ ಟೆಸ್ಟ್ ಎಂದು ಇದ್ದರೆ ಅದೇ. ರಾತ್ರಿ ಹಾಕಿ ಮಲಗಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಅಥವಾ ಅದರ ಸ್ಲಾಟ್ ಕೆಟ್ಟಿದೆ ಎಂದೇ ತಿಳಿಯಿರಿ, ಒಂದೇ ತಾನೇ ಎಂದು ಬಿಡಬೇಡಿ. ಅಣ್ಣನದ್ದರಲ್ಲಿ ಕಾಲು ಗಂಟೆಗೇ ಪರದೆ ಕೆಂಪಾಯಿತು. ವೈರ್ ಕಿತ್ತು, ಎರಡು ರ‍್ಯಾಮ್ ಪಟ್ಟಿಗಳನ್ನೂ ತೆಗೆದು, ಹೊಂಬಣ್ಣದ ಕಾಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಒಂದೊಂದನ್ನೇ ಹಾಕಿ ನೋಡಿದೆ. ತೇವಕ್ಕೆ ಕಿಲುಬು ಹಿಡಿದಿದ್ದರೆ ಇಷ್ಟರಲ್ಲೇ ಸರಿಯಾಗುತ್ತದೆ. ಒಂದು ಪಟ್ಟಿ ಸರಿಯಾಯಿತು, ಇನ್ನೊಂದು ಹೋಗೇ ಬಿಟ್ಟಿತ್ತು. ಉಳಿದದ್ದು 2 ಜಿಬಿ. ಮಿಂಟ್ ಹಾಕಲು ಕನಿಷ್ಠ ಅಷ್ಟು ಸಾಕು, ಹಾಯಾಗಿ ಓಡಬೇಕು ಎಂದರೆ 4 ಬೇಕು.

ಹಾರ್ಡ್‌ಡಿಸ್ಕಿಗೆ ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಮಿಂಟಿನ ಲೈವ್ ಪರದೆಯಲ್ಲಿ (ಇನ್‌ಸ್ಟಾಲ್ ಮಾಡದೆ ಡಿಸ್ಕಿನಿಂದಲೇ ಓಡುವುದು) ಡಿಸ್ಕ್ಸ್. ಹಾರ್ಡ್‌ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಅನುಮಾನದಲ್ಲಿರುವ ಜಾಗ) ಸೊನ್ನೆ ಇರಬೇಕು. ಸೊನ್ನೆ ಬಿಟ್ಟು ಏರುತ್ತಿದ್ದರೆ ಆ ಡಿಸ್ಕಿನಲ್ಲಿ ಲೆಕ್ಕ ಇಡಬೇಡಿ. ಡೇಟಾ ಸಾಗುವಾಗಿನ ತಪ್ಪು ಎಣಿಸುವ ಯುಡಿಎಂಎ ಸಿಆರ್‌ಸಿ ಮಾತ್ರ ಏರುತ್ತಿದ್ದರೆ ಖುಷಿಪಡಿ, ಕೆಟ್ಟಿರುವುದು ಬಹುಪಾಲು ಕೇಬಲ್ ಅಷ್ಟೇ.

ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಮೆಷಿನ್ ನಿಮ್ಮದಾದರೆ ಡಿಸ್ಕಿನ ಗೋಜಿಗೇ ಹೋಗಬೇಡಿ. ವಿಂಡೋಸ್ 11ರ ಐಎಸ್‌ಒ 5 ಜಿಬಿ ದಾಟುತ್ತದೆ, ಮಾಮೂಲಿ ಡಿವಿಡಿಯಲ್ಲಿ ಹಿಡಿಸುವುದೂ ಇಲ್ಲ. ಐಎಸ್‌ಒದಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಅಥವಾ ವೆಂಟಾಯ್ ಬಳಸಿ. ಅಗ್ಗಕ್ಕೆ ಸಿಕ್ಕ 64 ಜಿಬಿ ಪೆನ್‌ಡ್ರೈವಿನ ಒಳಗೆ ನಿಜವಾಗಿ 8 ಜಿಬಿ ಮಾತ್ರ ಇರುವ ನಕಲಿಗಳಿವೆ. ಬರೆಯುವಾಗ ಎಲ್ಲ ಸರಿ, ಓದುವಾಗ ಕಸ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ಪ್ರೋಗ್ರಾಂ ಓಡಿಸಿದರೆ ಬಣ್ಣ ಬಯಲಾಗುತ್ತದೆ.

ಅಣ್ಣನ ಮೆಷಿನ್ನಿನಲ್ಲಿ ಹುಡುಗ ಕಳಿಸಿದ ಅದೇ ನಾಲ್ಕನೇ ಡಿಸ್ಕಿನಿಂದ ಮಿಂಟಿನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಇಳಿಯಿತು. ಆ ಡಿಸ್ಕ್ ಮತ್ತು ಹ್ಯಾಷ್ ಬರೆದ ಚೀಟಿ ಈಗ ಒಂದೇ ಡಬ್ಬಿಯಲ್ಲಿವೆ. ಉಳಿದ ಮೂರು ಹಿತ್ತಿಲ ಹಾಗಲಕಾಯಿ ಚಪ್ಪರದಲ್ಲಿ ಹಕ್ಕಿ ಓಡಿಸಲು ತೂಗಾಡುತ್ತಿವೆ, ಮಂಗಗಳು ಮಾತ್ರ ಅವಕ್ಕೆ ಕ್ಯಾರೇ ಎನ್ನುವುದಿಲ್ಲ.